ರಜಾಯಿಯ ಅಳತೆ

ಸಿವಾಸ್ ಊರಿನಲ್ಲಿ ಮಾತು ಬಂದ ಮಗುವಿಗೆ
ಮೊದಲು ಕಲಿಸುವ ಗಾದೆ:
ರಜಾಯಿ ಇದ್ದಷ್ಟೇ ಕಾಲು ಚಾಚು.
ನನ್ನ ಗಂಡ ಸೆಫೆರ್ ರಜಾಯಿ ಹೊಲಿಯುವವನು.
ಹಾಗಾಗಿ ನಮ್ಮ ಮನೆಯಲ್ಲಿ ಅದು ಗಾದೆಯಲ್ಲ,
ಕಸುಬು.

ಈ ಚಳಿಗೆ ಹೊಸತು ಹೊಲಿಸಲು ಯಾರೂ ಬಂದಿಲ್ಲ.
ಬರುವುದೆಲ್ಲ ಹಳೆಯದು. ಅಜ್ಜಿಯ ಕಾಲದ ಉಣ್ಣೆ,
ಗಂಟುಗಟ್ಟಿ ಮೂಲೆಗೆ ಸರಿದು
ನಡುವೆ ಬರೀ ಬಟ್ಟೆ.
ಸೆಫೆರ್ ಹೊಲಿಗೆ ಬಿಚ್ಚುತ್ತಾನೆ, ಅಂಗಳದಲ್ಲಿ ಹರಡುತ್ತಾನೆ,
ಬೆತ್ತ ಎತ್ತಿ ಬಾರಿಸುತ್ತಾನೆ.
ಪೆಟ್ಟು ತಿಂದಷ್ಟೂ ಉಬ್ಬುತ್ತದೆ ಉಣ್ಣೆ.
ನಾವು ಹಾಗಲ್ಲ.

ಮೂಲೆಯಂಗಡಿಯ ರಮಿಜ್ ಬೆಲೆಯ ಚೀಟಿ ಕೀಳುವವನಲ್ಲ,
ಹಳೆಯದರ ಮೇಲೇ ಹೊಸದನ್ನು ಅಂಟಿಸುತ್ತಾನೆ.
ಚೀಸಿನ ಮುಂದಿನ ಚೀಟಿ ಈಗ ರೊಟ್ಟಿಯಷ್ಟು ದಪ್ಪ.
ಅವನು ಅತ್ತ ತಿರುಗಿದಾಗ
ಉಗುರಿನಿಂದ ಒಂದೊಂದೇ ಎಬ್ಬಿಸಿ ನೋಡಿದೆ:
ಹಬ್ಬದ ಹಿಂದಿನ ಬೆಲೆ,
ಅದರಡಿ ಏಪ್ರಿಕಾಟ್ ಒಣಹಾಕಿದ ದಿನಗಳ ಬೆಲೆ,
ಅದರಡಿ ನಮ್ಮ ಎಲ್ವಾನಳ ಹಲ್ಲು ಬಿದ್ದ ವಾರದ್ದು.
ಇನ್ನೂ ಕೆಳಗಿತ್ತು. ಅಷ್ಟರಲ್ಲಿ ರಮಿಜ್ ತಿರುಗಿದ.
ಅರ್ಧ ಕೊಡು, ಅಂದೆ.
ಯಾವುದರ ಅರ್ಧ, ಅಕ್ಕಾ?
ಕಾಲು ಕಿಲೋದ್ದು.

ರಾತ್ರಿ ಹನ್ನೊಂದಕ್ಕೆ ಫೋನು ಮಿಣುಕುತ್ತದೆ.
ಪ್ರಿಯ ಗ್ರಾಹಕರೇ, ನಿಮ್ಮ ಮಿತಿಯನ್ನು ಹೆಚ್ಚಿಸಿದ್ದೇವೆ.
ಕೇಳಿದವರು ಯಾರು?
ನನ್ನ ಮಿತಿ ಅವ್ವ ತೋರಿಸಿಕೊಟ್ಟದ್ದು,
ಸಕ್ಕರೆ ಡಬ್ಬಿಯ ಒಳಗೆ ಮೊಳೆಯಿಂದ ಗೀರಿದ ಗೆರೆ.
ತಿಂಗಳ ಇಪ್ಪತ್ತಕ್ಕೆ ಗೆರೆ ಕಂಡರೆ
ಅತಿಥಿಗಳಿಗೆ ಮಾತ್ರ ಸಿಹಿ.
ಬ್ಯಾಂಕಿನ ಡಬ್ಬಿಗೆ ತಳವೇ ಇಲ್ಲ, ಗೆರೆ ಎಲ್ಲಿಂದ?

ಮೇಲಿನ ಮನೆಯ ಮ್ಯುಜೆಯ್ಯನ್
ಫ್ರಿಜ್ಜು ತಂದಳು, ಹನ್ನೆರಡು ಕಂತು.
ಆರನೆಯದು ಕಟ್ಟುವಾಗ ಅದೇ ಫ್ರಿಜ್ಜಿನ ಬೆಲೆ ಇಮ್ಮಡಿ.
ಈಗ ಹೇಳು, ಯಾರು ಪೆದ್ದರು? ಅಂದಳು,
ಐಸು ತುಂಬಿದ ತಟ್ಟೆ ಹಿಡಿದು, ಜನವರಿಯಲ್ಲಿ.
ಸೆಫೆರ್ ಉಣ್ಣೆ ಹಿಂಜುವ ಯಂತ್ರಕ್ಕೆಂದು
ಮೂರು ವರ್ಷ ಡಬ್ಬಿಗೆ ಹಾಕಿದ.
ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ;
ಇಲ್ಲಿ ನಿಲ್ದಾಣವೇ ಎದ್ದು ಓಡಿತು.
ಅವನು ಇನ್ನೂ ಹಾಕುತ್ತಿದ್ದಾನೆ.
ಯಾಕೆಂದು ಕೇಳಿದರೆ,
ಕೈಗೆ ಅಭ್ಯಾಸ, ಅನ್ನುತ್ತಾನೆ.

ನಾನೇನು ಸಂತಳಲ್ಲ.
ಕೆಂಪು ಬೂಟು, ಒಳಗೆ ಕುರಿಯ ತುಪ್ಪಳ.
ಗಾಜಿನಾಚೆ ಹದಿನೇಳು ದಿನ ನೋಡಿದೆ.
ಹದಿನೆಂಟನೆಯ ದಿನ, ಎರಡೇ ಕಂತು.
ತಂದು ಉಣ್ಣೆಯ ರಾಶಿಯಲ್ಲಿ ಹುಗಿದೆ.
ರಜಾಯಿಗಾರನ ಹೆಂಡತಿ ಬಚ್ಚಿಡುವ ಜಾಗವೇ ಅದು!
ಮರುದಿನ ಬಾಗಿಲ ಬಳಿ ನಿಂತಿದ್ದವು,
ನೂಲು, ಕಸ ಒರೆಸಿ, ಜೋಡಿಯಾಗಿ.
ಅವನು ಏನೂ ಅನ್ನಲಿಲ್ಲ.
ಅಂದಿದ್ದರೆ ಜಗಳವಾಡಬಹುದಿತ್ತು.

ಗುರುವಾರ ಕಾವಲುಗಾರ ದುರ್ಸುನ್ ಬಂದ,
ಕಂಕುಳಲ್ಲಿ ಮಗನ ರಜಾಯಿ.
ಹುಡುಗ ಬೇಸಿಗೆಯಲ್ಲಿ ಒಂದು ಗೇಣು ಬೆಳೆದಿದ್ದಾನೆ,
ತಪ್ಪು ಮಾಡಿದವನಂತೆ ಹೇಳಿದ.
ಹೊಸದು ಬೇಡ ಉಸ್ತಾ. ಆ ಗೇಣಷ್ಟು ಸೇರಿಸು.

ಸೆಫೆರ್ ಹುಡುಕಿ ತೆಗೆದ,
ಯಾರದೋ ಮದುವೆಯಲ್ಲಿ ಉಳಿದ ಹಸಿರು ಸಾಟಿನ್ ತುಂಡು.
ನೆಲ ಗುಡಿಸಿದ ಉಣ್ಣೆ ತುಂಬಿದ.
ಕಂದು ರಜಾಯಿಯ ತುದಿಗೆ ಹಸಿರು ಅಂಚು,
ಮಂಜಿನ ಹೊಲದ ಬದಿಯಲ್ಲಿ ಮೊಳೆತ ಗೋಧಿಯ ಹಾಗೆ.
ಎಷ್ಟು? ಅಂದ ದುರ್ಸುನ್.
ಸೆಫೆರ್ ನನ್ನ ಕಡೆ ನೋಡಿದ. ಲೆಕ್ಕ ನನ್ನದು.
ದಾರದ ದುಡ್ಡು ಬರೆದೆ.

ಗಾದೆ ಕಟ್ಟಿದವನ ಕಾಲು ಎಷ್ಟುದ್ದವಿತ್ತೋ.
ಈ ಬೀದಿಯಲ್ಲಿ ಆ ಹುಡುಗನದು ಬಿಟ್ಟು
ಯಾರ ಕಾಲೂ ಬೆಳೆದಿಲ್ಲ.
ಒಗೆಯದೆಯೇ ಕುಗ್ಗಿದ್ದು ರಜಾಯಿ.

ಮಂಡಿ ಮಡಚಿ ಮಲಗುತ್ತೇನೆ.
ಸೆಫೆರನ ತಣ್ಣನೆ ಪಾದ ಕತ್ತಲಲ್ಲಿ
ನನ್ನದನ್ನು ಹುಡುಕಿಕೊಂಡು ಬರುತ್ತದೆ.
ನಮ್ಮ ರಜಾಯಿಯ ರಿಪೇರಿ ಯಾವಾಗಲೂ ನಾಳೆಗೆ.
ಬಾಗಿಲ ಬಳಿ ಬೂಟು.
ಎಡಗಾಲಿನದು ನನ್ನದಾಗಿದೆ,
ಬಲಗಾಲಿನದು ಇನ್ನೂ ಬ್ಯಾಂಕಿನದು.